ವಿದೇಶದಲ್ಲಿ ಆರ್ಕಿಟೆಕ್ಚರ್ ವಿದ್ಯಾರ್ಥಿನಿಯ ಒಂದು ವಾರ

(ಸಂಘದ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)





ವಿದೇಶದಲ್ಲಿ ಉನ್ನತ ಶಿಕ್ಷಣದ ಅವಕಾಶಗಳ ಬಗ್ಗೆ ಮಾತನಾಡಬೇಕೆಂದು ಕಾರ್ಯದರ್ಶಿಯವರು ಹೇಳಿದ್ದರು. ಅವಕಾಶಗಳ ಪಟ್ಟಿ ನಿಮಗೆ ಎಲ್ಲಿ ಬೇಕಾದರೂ ಸಿಗುತ್ತದೆ. ಏಜೆಂಟರು ಹಂಚುವ ಬಣ್ಣದ ಪುಸ್ತಕಗಳಲ್ಲಿ ಹಸಿರು ಹುಲ್ಲಿನ ಮೇಲೆ ಕುಳಿತು ನಗುವ ಹುಡುಗ ಹುಡುಗಿಯರ ಚಿತ್ರವೂ ಇರುತ್ತದೆ. ನಾನು ಅಲ್ಲಿದ್ದ ಒಂದು ವರ್ಷದಲ್ಲಿ ಹುಲ್ಲಿನ ಮೇಲೆ ಕುಳಿತದ್ದು ಎರಡು ಸಲವೋ ಮೂರು ಸಲವೋ. ಆದ್ದರಿಂದ ಪಟ್ಟಿ ಬಿಟ್ಟು ಒಂದೇ ಒಂದು ವಾರದ ಕಥೆ ಹೇಳುತ್ತೇನೆ. ನನ್ನ ವಿಮಾನದ ಟಿಕೆಟಿಗೆ ಹಣ ಕೊಟ್ಟವರು ಈ ಸಂಘದ ಸದಸ್ಯರು. ಆ ಹಣದಿಂದ ಹುಡುಗಿ ಏನು ಮಾಡಿದಳು ಎಂದು ಕೇಳುವ ಹಕ್ಕು ನಿಮಗಿದೆ. ಇದನ್ನು ಆ ಲೆಕ್ಕ ಎಂದು ತಿಳಿಯಿರಿ.

ನಾನು ಚನ್ನರಾಯನದುರ್ಗದ ಕಡೆಯವಳು. ಸಿ.ಎನ್. ದುರ್ಗ ಎಂದರೆ ಕೊರಟಗೆರೆ ತಾಲ್ಲೂಕಿನವರಿಗೆ ಬೇಗ ಗೊತ್ತಾಗುತ್ತದೆ. ನಮ್ಮ ಅಬ್ಬಾ ಗಾರೆ ಮೇಸ್ತ್ರಿ. ಕರಣೆ, ತೂಗುಗುಂಡು, ರಸಮಟ್ಟ ಎಂಬ ಮಾತುಗಳನ್ನು ನಾನು ಅಆಇಈಗಿಂತ ಮೊದಲೇ ಕಲಿತೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ, ಬೆಂಗಳೂರಿನಲ್ಲಿ ಐದು ವರ್ಷ ಬಿ.ಆರ್ಕ್., ಒಂದು ವರ್ಷ ಕಚೇರಿಯಲ್ಲಿ ಕೆಲಸ, ಆಮೇಲೆ ಸ್ನಾತಕೋತ್ತರ ಓದಿಗೆ ಇಂಗ್ಲೆಂಡಿನ ಶೆಫೀಲ್ಡ್. ಆರ್ಕಿಟೆಕ್ಚರ್ ಓದುತ್ತಾಳೆ ಎಂದರೆ ಊರಿನಲ್ಲಿ ಬಹಳ ಜನ ವಾಸ್ತು ಎಂದೇ ತಿಳಿದರು. ಬಾಗಿಲು ಯಾವ ದಿಕ್ಕಿಗೆ ಇಡಬೇಕು ಎಂದು ಈಗಲೂ ಕೇಳುತ್ತಾರೆ. ಗಾಳಿ ಬರುವ ದಿಕ್ಕಿಗೆ ಎಂದು ಹೇಳಿ ತಪ್ಪಿಸಿಕೊಳ್ಳುತ್ತೇನೆ. ಹೆಣ್ಣುಮಗಳನ್ನು ಒಬ್ಬಳನ್ನೇ ಅಷ್ಟು ದೂರ ಕಳಿಸಿದಿರಾ ಎಂದು ಅಬ್ಬಾನನ್ನು ಕೇಳಿದವರೂ ಇದ್ದರು. "ಕಳಿಸಿದ್ದು ಓದಕ್ಕೆ, ಕಳಕೊಳ್ಳೋಕ್ಕಲ್ಲ" ಎಂದು ಅವರು ಮಾತು ಮುಗಿಸುತ್ತಿದ್ದರು.

ಶೆಫೀಲ್ಡ್ ಉಕ್ಕಿನ ಊರು. ಚಾಕು, ಚಮಚ, ಕತ್ತರಿಗಳಿಗೆ ಹೆಸರಾದ ಊರು. ಗುಡ್ಡಗಳ ಮೇಲೆ ಹಬ್ಬಿಕೊಂಡಿದೆ. ಕೆಳಗೆ ಡಾನ್ ನದಿ, ಅದಕ್ಕೆ ಸೇರುವ ಶೀಫ್, ಪೋರ್ಟರ್, ಲಾಕ್ಸ್‌ಲಿ, ರಿವೆಲಿನ್ ಎಂಬ ಹೊಳೆಗಳು. ಯಾವ ಬೀದಿಯಲ್ಲಿ ನಡೆದರೂ ಒಂದೋ ಹತ್ತಬೇಕು, ಇಲ್ಲವೇ ಇಳಿಯಬೇಕು. ದುರ್ಗದ ಬುಡದಲ್ಲಿ ಬೆಳೆದವಳಿಗೆ ಅದೊಂದು ಮಾತ್ರ ಹೊಸದಾಗಿರಲಿಲ್ಲ.

ನಮ್ಮ ವಿಭಾಗ ಇದ್ದದ್ದು ಆರ್ಟ್ಸ್ ಟವರ್ ಎಂಬ ಕಟ್ಟಡದ ಮೇಲಿನ ಮಹಡಿಗಳಲ್ಲಿ. 1966ರಲ್ಲಿ ಉದ್ಘಾಟನೆಯಾದ, 78 ಮೀಟರ್ ಎತ್ತರದ ಗಾಜಿನ ಕಟ್ಟಡ. ಅದರಲ್ಲಿ ಪ್ಯಾಟರ್‌ನಾಸ್ಟರ್ ಎಂಬ ಒಂದು ವಿಚಿತ್ರ ಲಿಫ್ಟ್ ಇದೆ. ಅದಕ್ಕೆ ಬಾಗಿಲಿಲ್ಲ, ಅದು ನಿಲ್ಲುವುದೂ ಇಲ್ಲ. 38 ಪೆಟ್ಟಿಗೆಗಳು ಸರಪಣಿಯಲ್ಲಿ ಪೋಣಿಸಿದಂತೆ ಒಂದು ಕಡೆ ಮೇಲೆ ಹೋಗುತ್ತಿರುತ್ತವೆ, ಇನ್ನೊಂದು ಕಡೆ ಕೆಳಗೆ ಬರುತ್ತಿರುತ್ತವೆ. ಹೋಗುತ್ತಿರುವಾಗಲೇ ಹತ್ತಬೇಕು, ಹೋಗುತ್ತಿರುವಾಗಲೇ ಇಳಿಯಬೇಕು. ಮೊದಲ ದಿನ ನಾನು ಅದರ ಮುಂದೆ ಹತ್ತು ನಿಮಿಷ ನಿಂತಿದ್ದೆ. ಈ ಲಿಫ್ಟಿನ ವಿಷಯ ಮುಂದೆ ಬರುತ್ತದೆ.

ವಾರದ ಕಥೆಗೆ ಮೊದಲು ಒಂದು ವಿವರಣೆ ಬೇಕು. ಆರ್ಕಿಟೆಕ್ಚರ್ ಓದಿನಲ್ಲಿ ಬರೆಯುವ ಪರೀಕ್ಷೆಗೆ ಅಷ್ಟು ಬೆಲೆಯಿಲ್ಲ. ಒಂದು ಜಾಗ ಕೊಡುತ್ತಾರೆ, ಒಂದು ಅಗತ್ಯ ಹೇಳುತ್ತಾರೆ, ತಿಂಗಳುಗಟ್ಟಲೆ ನೀವು ಅದಕ್ಕೊಂದು ಕಟ್ಟಡ ಯೋಚಿಸಬೇಕು. ಕೊನೆಗೆ ನಕ್ಷೆಗಳನ್ನು ಗೋಡೆಗೆ ಅಂಟಿಸಿ, ಮಾದರಿಯನ್ನು ಮೇಜಿನ ಮೇಲಿಟ್ಟು, ಐದಾರು ಜನರ ಮುಂದೆ ನಿಂತು ಉತ್ತರ ಹೇಳಬೇಕು. ನಮ್ಮಲ್ಲಿ ಇದನ್ನು ಜ್ಯೂರಿ ಎನ್ನುತ್ತಾರೆ, ಅಲ್ಲಿ ರಿವ್ಯೂ. ಇಪ್ಪತ್ತು ನಿಮಿಷದಲ್ಲಿ ನಾಲ್ಕು ತಿಂಗಳ ತೀರ್ಪು. ನನ್ನ ರಿವ್ಯೂ ಇದ್ದದ್ದು 2018ರ ಮೇ 25, ಶುಕ್ರವಾರ.

ಆ ವರ್ಷ ರಂಜಾನ್ ಮೇ 17ಕ್ಕೆ ಶುರುವಾಗಿತ್ತು. ಇಂಗ್ಲೆಂಡಿನ ಬೇಸಿಗೆಯಲ್ಲಿ ರೋಜಾ ಎಂದರೆ ಏನೆಂದು ನಮ್ಮವರಿಗೆ ಊಹಿಸಲು ಕಷ್ಟ. ರಾತ್ರಿ ಸುಮಾರು ಮೂರು ಗಂಟೆಗೆ ಸಹರಿ ಮುಗಿಯುತ್ತದೆ, ಇಫ್ತಾರ್ ಒಂಬತ್ತು ಗಂಟೆ ದಾಟಿದ ಮೇಲೆ. ಹದಿನೆಂಟು ತಾಸು. ಹಸಿವು ಎರಡು ದಿನದಲ್ಲಿ ಒಗ್ಗುತ್ತದೆ. ನಿದ್ದೆ ಒಗ್ಗುವುದಿಲ್ಲ.

ನನಗೆ ಸಿಕ್ಕಿದ ಜಾಗ ಬರ್ನ್‌ಗ್ರೀವ್ ಎಂಬ ಬಡಾವಣೆಯಲ್ಲಿ. ಉಕ್ಕಿನ ಕಾರ್ಖಾನೆಗಳಿಗೆ ದುಡಿಯಲು 1950ರ ದಶಕದಲ್ಲಿ ಯೆಮನ್‌ನಿಂದ ಬಂದವರು, ಪಾಕಿಸ್ತಾನದಿಂದ ಬಂದವರು, ಆಮೇಲೆ ಸೊಮಾಲಿಯಾದವರು, ಹೀಗೆ ಹಲವು ದೇಶಗಳ ಬಡ ಕುಟುಂಬಗಳು ಇರುವ ಕಡೆ. ಅಲ್ಲಿ ಒಂದು ಓದುವ ಮನೆ ಬೇಕು: ಮಕ್ಕಳಿಗೆ ಪಾಠ, ಹೆಂಗಸರಿಗೆ ಇಂಗ್ಲಿಷ್ ಮತ್ತು ಹೊಲಿಗೆ ತರಗತಿ, ಮುದುಕರು ಕುಳಿತು ಪತ್ರಿಕೆ ಓದಲು ಒಂದು ಜಾಗ. ನೋಡಿದರೆ ನಮ್ಮ ಸಂಘ ಕಟ್ಟಬೇಕೆಂದಿರುವ ಕಟ್ಟಡವೇ. ಜಾಗ ಇಳಿಜಾರಿನಲ್ಲಿತ್ತು, ಮೇಲ್ಗಡೆ ರಸ್ತೆ.

ನಾನು ಏನು ಮಾಡಿದ್ದೆ ಎಂದರೆ, ನಡುವೆ ಒಂದು ಅಂಗಳ, ಅದರ ಆಚೆ ಓದುವ ಕೋಣೆ, ಅದರ ಮೇಲೊಂದು ಗುಮ್ಮಟ, ಗೋಡೆಗಳಿಗೆಲ್ಲ ಜಾಲಂಧ್ರ. ರಸ್ತೆಯಿಂದ ಮೂರು ಮೆಟ್ಟಿಲು ಇಳಿದು ಒಳಗೆ ಹೋಗಬೇಕು. ಕಂಪ್ಯೂಟರಿನಲ್ಲಿ ಬಣ್ಣ ತುಂಬಿದಾಗ ಬಹಳ ಚೆನ್ನಾಗಿ ಕಾಣುತ್ತಿತ್ತು. ಒಂದು ಸತ್ಯ ಹೇಳಿಬಿಡುತ್ತೇನೆ. ಗುಮ್ಮಟ ಹಾಕಿದ್ದು ಅಲ್ಲಿನ ಜನರಿಗೆ ಬೇಕು ಎಂದಲ್ಲ. ಭಾರತದಿಂದ ಬಂದ ಮುಸ್ಲಿಂ ಹುಡುಗಿ ಗುಮ್ಮಟ ಬರೆದರೆ ಮಾಸ್ತರರು ಮೆಚ್ಚುತ್ತಾರೆ ಎಂದು ಹಾಕಿದ್ದೆ.

ಸೋಮವಾರ ಇಡೀ ದಿನ ನಕ್ಷೆಗಳಿಗೆ ಕೊನೆಯ ಗೆರೆ ಎಳೆದೆ. ಹೇಳುವಂಥದ್ದೇನೂ ನಡೆಯಲಿಲ್ಲ. ಕೆಲಸ ಮುಗಿದಂತೆಯೇ ಎಂದುಕೊಂಡೆ.

ಮಂಗಳವಾರ ಬೆಳಿಗ್ಗೆ ನಮ್ಮ ಮಾರ್ಗದರ್ಶಿ ಪ್ರಾಧ್ಯಾಪಕಿ ಮೇಜಿನ ಬಳಿ ಬಂದರು. ನಕ್ಷೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಎರಡು ಪ್ರಶ್ನೆ ಕೇಳಿದರು. ಈ ಗುಮ್ಮಟದ ಭಾರ ಎಲ್ಲಿ ಇಳಿಯುತ್ತದೆ? ಇದನ್ನು ನಿನ್ನಲ್ಲಿ ಕೇಳಿದವರು ಯಾರು? ನಾನು ಮೊದಲನೆಯದಕ್ಕೆ ತಡವರಿಸಿದೆ, ಎರಡನೆಯದಕ್ಕೆ ಸುಮ್ಮನಾದೆ. ಅವರು ಗದರಲಿಲ್ಲ. ಶುಕ್ರವಾರಕ್ಕೆ ಇನ್ನೂ ಮೂರು ದಿನ ಇದೆ ಎಂದು ಹೇಳಿ ಮುಂದಿನ ಮೇಜಿಗೆ ಹೋದರು. ಬೈದಿದ್ದರೆ ವಾಸಿ ಇತ್ತು ಅನ್ನಿಸಿತು.

ಆ ಸಂಜೆ ಗ್ರಂಥಾಲಯದಲ್ಲಿ ಕುಳಿತು ಗುಮ್ಮಟಗಳ ಬಗ್ಗೆ ಹುಡುಕಿದೆ. ಹುಡುಕುತ್ತ ಹೋದರೆ ಎಲ್ಲಿಗೆ ಬಂದೆ ಗೊತ್ತೇ? ನಮ್ಮ ವಿಜಾಪುರಕ್ಕೆ. ಹೆನ್ರಿ ಕಸಿನ್ಸ್ ಎಂಬವರು 1916ರಲ್ಲಿ ಬಿಜಾಪುರದ ಕಟ್ಟಡಗಳ ಮೇಲೆ ಪ್ರಕಟಿಸಿದ ದೊಡ್ಡ ಗ್ರಂಥ ಕಂಪ್ಯೂಟರ್ ಪರದೆಯ ಮೇಲೆ ತೆರೆದುಕೊಂಡಿತು. ಗೋಲಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. 1656ರ ಸುಮಾರಿಗೆ ಮುಗಿದದ್ದು. ಕೆಳಗೆ ಚೌಕಾಕಾರದ ಹಾಲು, ಮೇಲೆ ದುಂಡನೆಯ ಗುಮ್ಮಟ. ಚೌಕದಿಂದ ದುಂಡಿಗೆ ಹೋಗಲು ಎಂಟು ಕಮಾನುಗಳನ್ನು ಒಂದರೊಳಗೊಂದು ಹೆಣೆದಿದ್ದಾರೆ. ಗುಮ್ಮಟ ಯಾವಾಗಲೂ ತನ್ನ ಬುಡವನ್ನು ಹೊರಕ್ಕೆ ಒದೆಯುತ್ತದೆ. ಆ ಕಮಾನುಗಳ ಮೇಲೆ ಒಳಕ್ಕೆ ಚಾಚಿದ ಕಲ್ಲಿನ ಭಾರ ಆ ಒದೆತವನ್ನು ತಡೆದು ನಿಲ್ಲಿಸುತ್ತದೆ. ಅಂದರೆ ಪಿಸುಮಾತಿನ ಮೊಗಸಾಲೆ ಎಂದು ನಾವು ಶಾಲಾ ಪ್ರವಾಸದಲ್ಲಿ ಹೋಗಿ ಕೂಗಿ ಬಂದ ಜಾಗ ಬರೀ ಕೂಗುವುದಕ್ಕೆ ಇದ್ದದ್ದಲ್ಲ.

ನನಗೆ ಇನ್ನೂ ನಾಚಿಕೆಯಾದದ್ದು ಬೇರೆ ವಿಷಯಕ್ಕೆ. ಬಿಜಾಪುರದ ಆಡಳಿತ 1638ರಲ್ಲಿ ಶಿರಾಕ್ಕೆ ಬಂತು. ಮಲಿಕ್ ರಿಹಾನ್ ದರ್ಗಾ 1651ರದ್ದು. ಮೊಗಲರ ಕಾಲದಲ್ಲಿ ಶಿರಾ ಒಂದು ಸುಬಾದ ರಾಜಧಾನಿಯಾಯಿತು, ಅಲ್ಲಿನ ಜುಮ್ಮಾ ಮಸೀದಿ 1696ರದ್ದು, ಪೂರ್ತಿ ಕೆತ್ತಿದ ಕಲ್ಲಿನದು. ಎರಡೂ ನಮ್ಮ ಪಕ್ಕದ ತಾಲ್ಲೂಕಿನಲ್ಲಿವೆ. ಶಿರಾಕ್ಕೆ ನಾನು ಮದುವೆಗೆ ಹೋಗಿದ್ದೇನೆ, ಸಂತೆಗೆ ಹೋಗಿದ್ದೇನೆ. ಐದು ವರ್ಷ ಆರ್ಕಿಟೆಕ್ಚರ್ ಓದಿದ ಮೇಲೂ ಒಂದು ಟೇಪು ಹಿಡಿದು ಆ ಗೋಡೆಯ ದಪ್ಪ ಎಷ್ಟು ಎಂದು ಅಳೆದಿರಲಿಲ್ಲ.

ಗುಮ್ಮಟವನ್ನು ಅಳಿಸಿ ಹಾಕಿದೆ. ಬೇಕಿಲ್ಲದ ಕಡೆ ಅದನ್ನು ಟೋಪಿಯಂತೆ ಕೂರಿಸಿದ್ದೆ ಅಷ್ಟೆ.

ಬುಧವಾರ ಸಹರಿ ಮುಗಿಸಿ ಮನೆಗೆ ಫೋನ್ ಮಾಡಿದೆ. ಅಲ್ಲಿ ಮೂರು ಗಂಟೆ ಎಂದರೆ ಇಲ್ಲಿ ಬೆಳಿಗ್ಗೆ ಏಳೂವರೆ. ಅಬ್ಬಾ ಕೆಲಸಕ್ಕೆ ಹೊರಡುತ್ತಿದ್ದರು. ಅಳು ಬರುವಂತಿತ್ತು, ತಡೆದುಕೊಂಡೆ. ಏನು ಬರೆದಿದ್ದೀಯ ಹೇಳು ಎಂದರು. ಫೋಟೋ ಕಳಿಸಿದೆ. ಇಂಗ್ಲಿಷ್ ಅಕ್ಷರ ಅವರಿಗೆ ಬರುವುದಿಲ್ಲ, ಆದರೆ ನಕ್ಷೆ ಓದಲು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು:

"ಬೇಟಿ, ರಸ್ತೆ ಮೇಲ್ಗಡೆ ಇದೆ ಅಂದೆ. ಬಾಗಿಲು ರಸ್ತೆಗಿಂತ ತಗ್ಗಿದೆ. ವಾಟ ಎಲ್ಲಿಗೆ ಕೊಟ್ಟಿದ್ದೀಯ? ಮಳೆ ನೀರು ಎಲ್ಲಿ ಹೋಗುತ್ತೆ?"

ವಾಟ ಎಂದರೆ ನೀರು ಹರಿದು ಹೋಗಲು ನೆಲಕ್ಕೋ ಸೂರಿಗೋ ಕೊಡುವ ಸಣ್ಣ ಇಳಿಜಾರು. ಗಾರೆ ಕೆಲಸದವರ ಮಾತು. ನಿಮ್ಮ ಮನೆಯ ಬಚ್ಚಲಿನಲ್ಲಿ ನೀರು ನಿಂತರೆ ಮೇಸ್ತ್ರಿ ವಾಟ ತಪ್ಪಿಸಿದ್ದಾನೆ ಎಂದರ್ಥ. ನಾನು ನಕ್ಷೆ ನೋಡಿದೆ. ನೀರು ಎಲ್ಲಿಗೆ ಹೋಗುತ್ತದೆ? ನೇರವಾಗಿ ಮೂರು ಮೆಟ್ಟಿಲು ಇಳಿದು ಅಂಗಳಕ್ಕೆ, ಅಂಗಳದಿಂದ ಮಕ್ಕಳು ಓದುವ ಕೋಣೆಗೆ.

ಇದು ತಮಾಷೆಯ ಮಾತಲ್ಲ. 2007ರ ಜೂನ್ 25ರಂದು ಶೆಫೀಲ್ಡ್‌ನಲ್ಲಿ ಡಾನ್ ನದಿ ಉಕ್ಕಿ ಊರಿನೊಳಗೆ ನುಗ್ಗಿತ್ತು. ಜೀವಗಳು ಹೋದವು. ಕಾರ್ಖಾನೆ, ಅಂಗಡಿಗಳು ಮುಳುಗಿದವು. ಹನ್ನೊಂದು ವರ್ಷ ಕಳೆದಿದ್ದರೂ ಅಲ್ಲಿಯವರು ಅದನ್ನು ಮರೆತಿರಲಿಲ್ಲ. ಅಂಥ ಊರಿನಲ್ಲಿ ಮಕ್ಕಳ ಕೋಣೆಗೆ ನೀರು ಹರಿಯುವ ಹಾಗೆ ನಾನು ಕಟ್ಟಡ ಬರೆದಿದ್ದೆ.

ಅಬ್ಬಾ ಇನ್ನೊಂದು ಮಾತು ಹೇಳಿದರು. "ಬೆಟ್ಟದ ಮೇಲೆ ಕೋಟೆ ಕಟ್ಟಿದವರು ನೀರಿಗೆ ಏನು ಮಾಡಿದ್ದಾರೆ ನೋಡಿಲ್ಲವೇ?" ಎಂದರು. ಮಧುಗಿರಿ ಬೆಟ್ಟ ಹತ್ತಿದವರು ಭೀಮನ ದೊಣೆ ನೋಡಿರುತ್ತೀರಿ. ನಮ್ಮ ದುರ್ಗಗಳನ್ನು ಕಟ್ಟಿದ ಪಾಳೆಯಗಾರರು, ಆಮೇಲೆ ಅವನ್ನು ಹಿಡಿದ ಮೈಸೂರಿನವರು, ಮರಾಠರು, ಎಲ್ಲರೂ ಬದುಕಿದ್ದು ಆ ದೊಣೆಗಳ ನೀರಿನಿಂದ. ಬಂಡೆಯ ಮೇಲೆ ಬಿದ್ದ ಮಳೆಯನ್ನು ಬೇಡದ ಕಡೆಯಿಂದ ತಪ್ಪಿಸಿ, ಬೇಕಾದ ಕಡೆ ನಿಲ್ಲಿಸುವುದು. ತೊಟ್ಟಿ ಮನೆ ಕಟ್ಟಿದವರು ಮಾಡಿದ್ದೂ ಇದನ್ನೇ.

ಹಾಗಾಗಿ ಬುಧವಾರ ಬೆಳಿಗ್ಗೆ ಆರು ಗಂಟೆಗೆ ಸ್ಟುಡಿಯೊದಲ್ಲಿ ಕುಳಿತು ಎಲ್ಲವನ್ನೂ ಮತ್ತೆ ಬರೆಯಲು ಶುರು ಮಾಡಿದೆ. ನೆಲವನ್ನು ರಸ್ತೆಗಿಂತ ಅರ್ಧ ಮೀಟರ್ ಎತ್ತರಿಸಿದೆ. ಮೇಲ್ಗಡೆ ಅಡ್ಡಲಾಗಿ ಒಂದು ಕಾಲುವೆ ಕೊಟ್ಟು ರಸ್ತೆಯ ನೀರನ್ನು ಕಟ್ಟಡ ಬಳಸಿ ಹೋಗುವಂತೆ ಮಾಡಿದೆ. ಸೂರಿನ ನೀರು ಅಂಗಳಕ್ಕೆ, ಅಂಗಳದ ವಾಟ ತಗ್ಗಿನ ಕಡೆ ಒಂದು ಮುಚ್ಚಿದ ತೊಟ್ಟಿಗೆ. ಲೆಕ್ಕ ಸುಲಭ, ವಿದ್ಯಾರ್ಥಿಗಳು ಬರೆದುಕೊಳ್ಳಿ: ಒಂದು ಚದರ ಮೀಟರ್ ಸೂರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಶೆಫೀಲ್ಡ್‌ನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ. ನನ್ನ ಸೂರು 200 ಚದರ ಮೀಟರ್. ಗುಣಿಸಿದರೆ 1 ಲಕ್ಷ 60 ಸಾವಿರ ಲೀಟರ್. ಅಷ್ಟೂ ಹಿಡಿಯಲು ಆಗುವುದಿಲ್ಲ, ಆದರೆ ಶೌಚಾಲಯಕ್ಕೆ, ಗಿಡಗಳಿಗೆ ಧಾರಾಳ. ಅಲ್ಲಿ ಮಳೆ ವರ್ಷವಿಡೀ ಜಿನುಗುತ್ತದೆ, ಚಿಕ್ಕ ತೊಟ್ಟಿ ಸಾಕು. ಪಾವಗಡದಲ್ಲಿ ಬೀಳುವುದೇ ಕಡಿಮೆ, ಅದೂ ಕೆಲವೇ ದಿನಗಳಲ್ಲಿ ಬಿದ್ದು ಹೋಗುತ್ತದೆ. ಇಲ್ಲಿಗೆ ದೊಡ್ಡ ತೊಟ್ಟಿ ಬೇಕು. ನಿಮ್ಮ ಮನೆಯ ಸೂರಿಗೆ ಈ ಲೆಕ್ಕವನ್ನು ಇವತ್ತೇ ಹಾಕಿ ನೋಡಬಹುದು.

ಆ ರಾತ್ರಿ ಇಫ್ತಾರ್‌ಗೆ ನಾನು ಎದ್ದು ಹೋಗಲಿಲ್ಲ. ಪಕ್ಕದ ಮೇಜಿನ ಚೀನಾದ ಹುಡುಗಿ ಗಡಿಯಾರ ನೋಡಿಕೊಂಡೇ ಇದ್ದಳು. ಹೊತ್ತಿಗೆ ಸರಿಯಾಗಿ ಒಂದು ಲೋಟ ನೀರು, ನಾಲ್ಕು ಖರ್ಜೂರ ತಂದಿಟ್ಟಳು. ಖರ್ಜೂರ ಎಲ್ಲಿಂದ ತಂದಳೋ ಕೇಳಲಿಲ್ಲ.

ಗುರುವಾರ ಮಾದರಿಯ ದಿನ. ರಟ್ಟು, ತೆಳು ಹಲಗೆ, ಅಂಟು. ನಕ್ಷೆ ಪ್ರಿಂಟ್ ಹಾಕಿಸಲು ಸಾಲು. ಎಲ್ಲರ ರಿವ್ಯೂ ಒಂದೇ ವಾರ ಆದ್ದರಿಂದ ಸಾಲು ಕರಗುವುದೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಕೈ ನಡುಗಲು ಶುರುವಾಯಿತು. ಬ್ಲೇಡು ಹಿಡಿಯುವ ಕೆಲಸ, ಆದ್ದರಿಂದ ಅರ್ಧ ಗಂಟೆ ನೆಲದ ಮೇಲೆ ಮಲಗಿದೆ. ಸಂಜೆ ಕಾರ್ಯಾಗಾರದಿಂದ ಮಾದರಿಯ ತಳಪಾಯವನ್ನು ಮೇಲೆ ಒಯ್ಯಬೇಕಿತ್ತು. ನಿಲ್ಲದ ಲಿಫ್ಟಿನಲ್ಲಿ ಅಷ್ಟು ದೊಡ್ಡ ವಸ್ತು ಹಿಡಿದು ಹತ್ತುವಂತಿಲ್ಲ. ಮಾಮೂಲಿ ಲಿಫ್ಟಿನ ಮುಂದೆ ಜನ. ನಾನು ಮತ್ತು ಆ ಚೀನೀ ಗೆಳತಿ ಮೆಟ್ಟಿಲು ಹತ್ತಿಯೇ ಹೋದೆವು. ಎಂಟನೇ ಮಹಡಿಯ ಹತ್ತಿರ ಕುಳಿತಾಗ, ನಮ್ಮ ಊರಿನ ಬೆಟ್ಟ ಇದಕ್ಕಿಂತ ದೊಡ್ಡದು ಎಂದು ಅವಳಿಗೆ ಹೇಳಿದೆ. ಅಲ್ಲಿ ಕೈಯಲ್ಲಿ ಏನನ್ನು ಹೊತ್ತುಕೊಂಡು ಹತ್ತುತ್ತೀರಿ ಎಂದು ಕೇಳಿದಳು.

ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ನನ್ನ ಸರದಿ. ಐದು ಜನ ಕುಳಿತಿದ್ದರು. ನೀರಿನ ಬಗ್ಗೆ ಮಾತನಾಡಿದೆ. ಕಾಲುವೆ, ತೊಟ್ಟಿ, ದುರ್ಗದ ದೊಣೆ, ಎಲ್ಲವನ್ನೂ ಹೇಳಿದೆ. ಅವರು ಮುಂದಕ್ಕೆ ಬಾಗಿ ನೋಡುತ್ತಿದ್ದರು. ನನಗೆ ಧೈರ್ಯ ಬಂತು. ಆಗ ಹೊರಗಿನಿಂದ ಬಂದಿದ್ದ ಒಬ್ಬ ಹಿರಿಯ ಆರ್ಕಿಟೆಕ್ಟ್ ಮಾದರಿಯ ಬಾಗಿಲಿನ ಮೇಲೆ ಬೆರಳಿಟ್ಟರು. "ನೆಲ ಎತ್ತರಿಸಿದ್ದೀರಿ. ಮೂರು ಮೆಟ್ಟಿಲು ಹತ್ತಬೇಕು. ಗಾಲಿಕುರ್ಚಿಯವರು?" ಎಂದು ಕೇಳಿದರು. ಇಳಿಜಾರು ದಾರಿ ಇದೆ ಎಂದು ನಕ್ಷೆಯಲ್ಲಿ ತೋರಿಸಿದೆ. ಅಲ್ಲಿನ ನಿಯಮದಂತೆ ಅರ್ಧ ಮೀಟರ್ ಏರಬೇಕಾದರೆ ಹತ್ತು ಮೀಟರ್ ಉದ್ದದ ಇಳಿಜಾರು ಬೇಕು. ಮುಂದೆ ಅಷ್ಟು ಜಾಗ ಉಳಿದಿರಲಿಲ್ಲ. ನಾನು ಅದನ್ನು ಹಿಂದೆ, ಅಡುಗೆ ಮನೆಯ ಪಕ್ಕದಲ್ಲಿ ಕೊಟ್ಟಿದ್ದೆ.

"ಹಾಗಾದರೆ ನಡೆಯಲಾಗದವರು ಹಿತ್ತಿಲ ಬಾಗಿಲಿನಿಂದ ಬರಬೇಕು" ಎಂದರು ಅವರು. ಪ್ರಶ್ನೆಯಲ್ಲ, ಸುಮ್ಮನೆ ಹೇಳಿದರು.

ನನ್ನ ನಾನಿಗೆ ಮಂಡಿನೋವು. ನನ್ನ ಚಿಕ್ಕಮ್ಮನ ಮದುವೆಯಲ್ಲಿ ಶಾದಿ ಮಹಲಿನ ಮೆಟ್ಟಿಲು ಹತ್ತಲಾಗದೆ ನಾನಿ ಹೊರಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತೇ ಊಟ ಮಾಡಿದ್ದರು. ತಟ್ಟೆ ತಂದುಕೊಟ್ಟವಳು ನಾನೇ. ನನ್ನ ಮಗಳ ಮದುವೆ ನನಗೆ ಕಾಣಲೇ ಇಲ್ಲ ಎಂದು ಅವರು ಎಷ್ಟೋ ವರ್ಷ ಹೇಳುತ್ತಿದ್ದರು. ಅದೆಲ್ಲ ಗೊತ್ತಿದ್ದ ನಾನೇ ಆ ಬಾಗಿಲನ್ನು ಹಿತ್ತಿಲಿಗೆ ಇಟ್ಟಿದ್ದೆ. "ತಪ್ಪಾಗಿದೆ, ಸರ್" ಎಂದೆ. ಬೇರೆ ಉತ್ತರ ಇರಲಿಲ್ಲ.

ಪಾಸಾದೆ. ಅಂಕ ಮಧ್ಯಮ. ಓದುವ ಮನೆಯನ್ನು ಆ ಬೇಸಿಗೆಯಲ್ಲಿ ಮತ್ತೊಮ್ಮೆ ಬರೆದೆ. ಮುಂದಿನ ಕೋಣೆಯನ್ನು ಹಿಂದಕ್ಕೆ ಸರಿಸಿ, ಎಲ್ಲರೂ ಒಂದೇ ಇಳಿಜಾರು ದಾರಿಯಲ್ಲಿ ಒಂದೇ ಬಾಗಿಲಿಗೆ ಬರುವಂತೆ ಮಾಡಿದೆ. ಮೆಟ್ಟಿಲನ್ನೇ ತೆಗೆದೆ. ಶುಕ್ರವಾರ ಮಧ್ಯಾಹ್ನ ಜುಮ್ಮಾ ನಮಾಜು ಮುಗಿಸಿ ರೂಮಿಗೆ ಹೋದವಳು ಇಫ್ತಾರ್ ಹೊತ್ತಿಗೆ ಎದ್ದೆ.

ಈಗ ಪೋಷಕರಿಗೆ ಎರಡು ಮಾತು. ಖರ್ಚಿನ ವಿಷಯ. ನಾನು ಹೋದಾಗ ಕೇಂದ್ರ ಸರ್ಕಾರದ ಪಢೋ ಪರದೇಶ್ ಯೋಜನೆ ಇತ್ತು. ವರ್ಷಕ್ಕೆ ಆರು ಲಕ್ಷದವರೆಗೆ ಆದಾಯ ಇರುವ ಅಲ್ಪಸಂಖ್ಯಾತ ಕುಟುಂಬಗಳ ಮಕ್ಕಳಿಗೆ, ಓದಿನ ಅವಧಿಯಲ್ಲಿ ಬ್ಯಾಂಕ್ ಸಾಲದ ಬಡ್ಡಿಯನ್ನು ಸರ್ಕಾರವೇ ಕಟ್ಟುತ್ತಿತ್ತು. ಬಡ್ಡಿಯ ವಿಷಯದಲ್ಲಿ ನಮ್ಮವರ ಸಂಕಟ ನಿಮಗೆ ಹೇಳಬೇಕಿಲ್ಲ. 2022-23ರಿಂದ ಆ ಯೋಜನೆ ನಿಂತುಹೋಗಿದೆ. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿ ಕೇಳಿ. ನಿಯಮಗಳು ಬದಲಾಗುತ್ತಿರುತ್ತವೆ, ಏಜೆಂಟರ ಮಾತು ನಂಬಿ ಕೂರಬೇಡಿ, ನೀವೇ ಕಚೇರಿಗೆ ಹೋಗಿ. ಈ ಸಂಘದ ನಿಧಿ ಚಿಕ್ಕದಾದರೂ ಅದು ಏಕೆ ಬೇಕು ಎಂದರೆ ಇದಕ್ಕೇ.

ಇನ್ನೊಂದು. ನಮ್ಮ ದೇಶದಲ್ಲಿ 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಇಲ್ಲದೆ ಆರ್ಕಿಟೆಕ್ಟ್ ಎಂಬ ಹೆಸರು ಹಾಕಿಕೊಳ್ಳುವಂತಿಲ್ಲ. ಹೊರದೇಶದ ಎಲ್ಲ ಪದವಿಗಳಿಗೂ ಆ ಮಾನ್ಯತೆ ಇರುವುದಿಲ್ಲ. ಆದ್ದರಿಂದ ಐದು ವರ್ಷದ ಬಿ.ಆರ್ಕ್. ಇಲ್ಲೇ ಮುಗಿಸಿ, ನೋಂದಣಿ ಮಾಡಿಸಿ, ಆಮೇಲೆ ಸ್ನಾತಕೋತ್ತರಕ್ಕೆ ಹೋಗುವುದು ಕ್ಷೇಮ. ಖರ್ಚೂ ಕಡಿಮೆ. ಬಿ.ಆರ್ಕ್. ಸೇರಲು ನಾಟಾ ಎಂಬ ಪ್ರವೇಶ ಪರೀಕ್ಷೆ ಇದೆ. ಪಿಯುಸಿಯಲ್ಲಿ ಗಣಿತ ಬಿಡಬೇಡಿ, ಬಿಟ್ಟರೆ ಆ ಬಾಗಿಲು ಮುಚ್ಚಿದಂತೆ.

ಕೊನೆಯದಾಗಿ ಒಂದು ಪ್ರಕಟಣೆ. ಮುಂದಿನ ತಿಂಗಳ ಮೊದಲ ಭಾನುವಾರ ನಾನು ಶಿರಾಕ್ಕೆ ಹೋಗುತ್ತಿದ್ದೇನೆ. ಮಲಿಕ್ ರಿಹಾನ್ ದರ್ಗಾ ಮತ್ತು ಜುಮ್ಮಾ ಮಸೀದಿಯನ್ನು ಅಳೆದು ನಕ್ಷೆ ಬರೆಯಬೇಕು. ನಮ್ಮ ಅಬ್ಬಾ ರಸಮಟ್ಟ, ತೂಗುಗುಂಡು ತರುತ್ತಾರೆ. ಹೈಸ್ಕೂಲಿನವರೂ ಬರಬಹುದು, ಹೆಣ್ಣುಮಕ್ಕಳ ಜೊತೆ ತಾಯಂದಿರೂ ಬನ್ನಿ. ಐದು ಮೀಟರ್ ಟೇಪು, ಪೆನ್ಸಿಲ್, ಚೌಕಳಿ ಪುಸ್ತಕ, ಊಟದ ಡಬ್ಬಿ ತನ್ನಿ. ಕೊರಟಗೆರೆ ಬಸ್ ನಿಲ್ದಾಣದಿಂದ ಬೆಳಿಗ್ಗೆ ಏಳಕ್ಕೆ ಹೊರಡುತ್ತೇವೆ. ಹೆಸರು ಕೊಡುವವರು ಈ ಸಭೆ ಮುಗಿದ ಮೇಲೆ ವೇದಿಕೆಯ ಎಡಗಡೆ ಸಿಗಿ. ಆ ಕಡೆ ಮೆಟ್ಟಿಲಿಲ್ಲ.